ನಿನ್ನದು ಹಾಕು, ಮೋಹನ

ಸೆಪ್ಟೆಂಬರ್ 18, ಗುರುವಾರ

ಇಪ್ಪತ್ತೊಂದು ವರ್ಷದಿಂದ ಕಂಡವರ ವೀಸಾ ಅರ್ಜಿಗಳನ್ನು ಟೈಪ್ ಮಾಡಿಕೊಂಡು ಬಂದವನು ನಾನು. ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಪಾಸ್‌ಪೋರ್ಟ್ ನಂಬರು, ಎಲ್ಲ ಅರಬಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ನನ್ನ ವಿಷಯವನ್ನು ನಾನೇ, ಅದೂ ಕನ್ನಡದಲ್ಲಿ, ಪೆನ್ನು ಹಿಡಿದು ಬರೆಯುತ್ತಿರುವುದು ಮದುವೆಗೆ ಮುಂಚೆ ವಾರಿಜಾಕ್ಷಿಗೆ ಬರೆದ ಕಾಗದಗಳ ನಂತರ ಇದೇ ಮೊದಲು. ಅಕ್ಷರ ಕೋಳಿ ಕೆದರಿದ ಹಾಗಿದೆ. ಯಾರೂ ಓದುವುದಿಲ್ಲವಲ್ಲ, ಇರಲಿ.

ಬರೆಯುವುದಕ್ಕೆ ಕಾರಣ ಎದೆ ನೋವು. ಎಡಗಡೆ, ಅಂಗಿಯ ಜೇಬಿನ ಸರೀ ಕೆಳಗೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗೆ ಹಿಂಡುತ್ತದೆ, ಆಮೇಲೆ ಭುಜ ಭಾರವಾಗುತ್ತದೆ, ಹತ್ತು ಹದಿನೈದು ನಿಮಿಷಕ್ಕೆ ಬಿಡುತ್ತದೆ. ಈ ತಿಂಗಳ ನಾಲ್ಕನೇ ತಾರೀಕು ಮೊದಲ ಸಲ ಬಂತು. ಯಾರಿಗೂ ಹೇಳಿಲ್ಲ. ನಾಳೆ ಏನಾದರೂ ಆದರೆ ಯಾವತ್ತಿನಿಂದ ಶುರುವಾಯಿತು ಅಂತಾದರೂ ಗೊತ್ತಿರಲಿ.

ದುಬೈಯ ಕರಾಮದಲ್ಲಿರುವ ನಮ್ಮ ಟೈಪಿಂಗ್ ಸೆಂಟರಿಗೆ ಮಧ್ಯಾಹ್ನ ಒಂದರಿಂದ ನಾಲ್ಕು ರಜೆ. ಮನೆ ಏಳು ನಿಮಿಷದ ದಾರಿ. ಉಂಡು, ಸ್ವಲ್ಪ ಅಡ್ಡಾಗಿ ಬರುವುದು ನನ್ನ ಕ್ರಮ. ಎರಡು ವಾರದಿಂದ ಊಟ ಮುಗಿದ ಕೂಡಲೇ ಹಿಂದೆ ಬಂದು, ಷಟರ್ ಅರ್ಧ ಎಳೆದು ಇಲ್ಲೇ ಕೂತಿರುತ್ತೇನೆ. ಮನೆಯಲ್ಲಿದ್ದರೆ ವಾರಿಜ ಮುಖ ನೋಡುತ್ತಾಳೆ. ಅವಳು ನೋಡಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ.

ನಾಲ್ಕನೇ ತಾರೀಕು ಆದದ್ದಿಷ್ಟು. ಅಂಗಡಿಯ ಓನರ್ ಸಫ್ವಾನ್ ಒಬ್ಬ ಮನುಷ್ಯನನ್ನು ಕರೆದುಕೊಂಡು ಬಂದ. ಆ ಮನುಷ್ಯ ಟೇಪು ಹಿಡಿದು ಅಂಗಡಿಯ ಉದ್ದ ಅಗಲ ಅಳೆದ, ನನ್ನ ಕುರ್ಚಿಯನ್ನು ಸರಿಸಿ ಅದರ ಹಿಂದೆಯೂ ಅಳೆದ. ಆಮೇಲೆ ಇಬ್ಬರೂ ಕ್ಯಾಬಿನ್ನಿಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡರು. ನೋವು ಬಂದದ್ದು ಆಗಲೇ. ಆಗಸ್ಟಿನಲ್ಲಿ ಪಕ್ಕದ ಕುರ್ಚಿಯ ಪಾಕಿಸ್ತಾನಿ ಟೈಪಿಸ್ಟನನ್ನು ಕಳಿಸಿದ್ದಾಯಿತು. ಈಗ ಜನ ಮೊಬೈಲಿನಲ್ಲೇ ಅರ್ಜಿ ಹಾಕುತ್ತಾರೆ. ಉಳಿದ ಕುರ್ಚಿ ನನ್ನದೊಂದೇ.

ನನ್ನ ವೀಸಾ ನವೆಂಬರ್ ಹನ್ನೆರಡಕ್ಕೆ ಮುಗಿಯುತ್ತದೆ. ಸಫ್ವಾನನ ತಂದೆ ಹಾಜಿಯವರು ಅಂಗಡಿ ನೋಡಿಕೊಳ್ಳುತ್ತಿದ್ದಾಗ, ಮುಗಿಯುವುದಕ್ಕೆ ಎರಡು ತಿಂಗಳಿರುವಾಗ ಬೆಳಿಗ್ಗೆ ಬಂದು, ಸುಲೈಮಾನಿ ಚಹಾದ ಗ್ಲಾಸನ್ನು ನನ್ನ ಮೇಜಿನ ಮೇಲಿಟ್ಟು, "ಮೋಹನಾ, ನಿನ್ನದು ಹಾಕು" ಅನ್ನುತ್ತಿದ್ದರು. ಅಷ್ಟೇ. ನಾನು ನನ್ನ ಅರ್ಜಿ ಟೈಪ್ ಮಾಡಿ ಕೊಡುತ್ತಿದ್ದೆ, ಅವರು ಸೈನು ಹಾಕುತ್ತಿದ್ದರು. ಒಂಬತ್ತು ಸಲ ಹೀಗೇ ಆಗಿದೆ. ಹಾಜಿಯವರು ಕಳೆದ ವರ್ಷ ಮಂಗಳೂರಿಗೆ ಹೋಗಿ ಕೂತರು. ಮಗ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗ, ಮೂವತ್ತು ದಾಟಿಲ್ಲ. ಸೆಪ್ಟೆಂಬರ್ ಹದಿನೆಂಟಾದರೂ ಅವನ ಬಾಯಿಂದ ಆ ಮಾತು ಬಂದಿಲ್ಲ.

ನಾನೇ ಕೇಳಬಹುದು. ಕೇಳಿದ ಮೇಲೆ "ಬೇಡ ಮೋಹನಣ್ಣ" ಅಂದರೆ?


ಸೆಪ್ಟೆಂಬರ್ 22, ಸೋಮವಾರ

ಇವತ್ತು ಒಬ್ಬ ಡ್ರೈವರ್ ಬಂದಿದ್ದ, ಬಂಟ್ವಾಳ ಕಡೆಯವನು. ವೀಸಾದ ಮೆಡಿಕಲ್‌ಗೆ ಹೋಗಲಿಕ್ಕೆ ಅವನಿಗೆ ಹೆದರಿಕೆ. "ಅಣ್ಣಾ, ನನಗೆ ಶುಗರ್ ಉಂಟು. ಅನ್‌ಫಿಟ್ ಮಾಡಿ ಊರಿಗೆ ಕಳಿಸ್ತಾರಾ?"

ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ. "ಅವರಿಗೆ ಬೇಕಾದದ್ದು ಎರಡೇ. ಒಂದು ಸಿರಿಂಜು ರಕ್ತ, ಒಂದು ಎದೆಯ ಎಕ್ಸ್‌ರೇ. ಟಿಬಿ ಗಿಬಿ ಉಂಟಾ ನೋಡ್ತಾರೆ. ನಿನ್ನ ಶುಗರ್ ಕಟ್ಟಿಕೊಂಡು ಅವರಿಗೆಂತ ಆಗ್ಬೇಕು ಮಾರಾಯ? ಉಸಿರು ಹಿಡಿ ಅಂದಾಗ ಹಿಡಿ, ಬಿಡು ಅಂದಾಗ ಬಿಡು." ಅವನು ನಗುತ್ತಾ ಹೋದ.

ಅವನು ಹೋದ ಮೇಲೆ ನನಗೇ ತಲೆಬಿಸಿ. ಎದೆಯ ಎಕ್ಸ್‌ರೇ. ನನ್ನ ಎದೆಯಲ್ಲಿ ಏನಿದೆಯೋ ಅದರಲ್ಲಿ ಬಂದುಬಿಟ್ಟರೆ? ಕ್ಲಿನಿಕ್ಕಿಗೆ ಹೋಗಿ ತೋರಿಸೋಣವೆಂದರೆ ಇನ್ಶೂರೆನ್ಸ್ ಕಾರ್ಡು ಕೊಡಬೇಕು, ಕಾರ್ಡಿಗೂ ಐಡಿಗೂ ಒಂದೇ ನಂಬರು. "ಎದೆ ನೋವು" ಅಂತ ಒಂದು ಸಲ ಕಂಪ್ಯೂಟರಿಗೆ ಹತ್ತಿದರೆ ಮೆಡಿಕಲ್‌ನವರ ಕಣ್ಣಿಗೂ ಬೀಳುತ್ತದೆ. ಐಡಿ ನಂಬರು ಹಾಕಿದರೆ ಏನೆಲ್ಲ ತೆರೆದುಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಾರಿಜಳ ವೀಸಾ, ಅಶ್ಮಿತಾಳ ವೀಸಾ ಎರಡೂ ನನ್ನದಕ್ಕೆ ನೇತುಹಾಕಿಕೊಂಡಿವೆ. ನನ್ನದು ಖಲಾಸ್ ಆದರೆ ಮೂವರದೂ ಖಲಾಸ್. ಮಗಳು ಹನ್ನೆರಡನೇ ಕ್ಲಾಸು, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಮೂರು ತಿಂಗಳಿಗೋಸ್ಕರ ಯಾವ ಊರಿನ ಯಾವ ಶಾಲೆ ಅವಳನ್ನು ಸೇರಿಸಿಕೊಳ್ಳುತ್ತದೆ?

ಡಾಕ್ಟರ ಹತ್ತಿರ ಹೋಗುವುದಿಲ್ಲ.


ಸೆಪ್ಟೆಂಬರ್ 27, ಶನಿವಾರ

ಬಿಲ್ಡಿಂಗಿನ ಲಿಫ್ಟು ಕೆಟ್ಟು ಮೂರು ದಿನವಾಯಿತು. ವಾಚ್‌ಮನ್ ಹತ್ತಿರ ಕೇಳಿದರೆ "ಬುಕ್ರಾ, ಬುಕ್ರಾ" ಅನ್ನುತ್ತಾನೆ. ಅವನ ನಾಳೆ ಯಾವತ್ತೂ ಬರುವುದಿಲ್ಲ. ಇಪ್ಪತ್ತು ಕಿಲೋ ಕುಚಲಕ್ಕಿಯ ಚೀಲವನ್ನು ಹೆಗಲ ಮೇಲಿಟ್ಟುಕೊಂಡು ನಾಲ್ಕು ಮಾಳಿಗೆ ಹತ್ತಿದೆ. ಬೆವರಿತು, ಮೊಣಕಾಲು ಸ್ವಲ್ಪ ಕಟಕಟ ಅಂತು, ಮತ್ತೇನಿಲ್ಲ.

ಬಾಗಿಲು ತೆಗೆದ ವಾರಿಜ ಚೀಲವನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. "ಯಾರು ಹೇಳಿದ್ದು ನಿಮಗೆ ಹೊರ್ಲಿಕ್ಕೆ? ಗ್ರೋಸರಿಯವನು ತಂದು ಕೊಡ್ತಿರ್ಲಿಲ್ವಾ?" ಎಂದು ಸಿಟ್ಟಿನಿಂದ ಕೇಳಿದಳು. ಇಷ್ಟು ವರ್ಷ ಅಕ್ಕಿ ಹೊತ್ತದ್ದು ಯಾರಂತೆ? ಇತ್ತೀಚೆಗೆ ಅವಳಿಗೂ ಏನೋ ಆಗಿದೆ. ಮೀನು ಹುರಿಯುವುದನ್ನು ಬಿಟ್ಟಿದ್ದಾಳೆ. ಸಾರಿಗೆ ಉಪ್ಪಿಲ್ಲ, ಕಾಯಿ ಇಲ್ಲ. ಕೇಳಿದರೆ "ಅಶ್ಮಿತಾಗೆ ಮೊಡವೆ ಏಳ್ತದೆ, ಎಣ್ಣೆ ಆಗೂದಿಲ್ಲ" ಅನ್ನುತ್ತಾಳೆ. ಮಗಳ ಮುಖಕ್ಕೆ ನನ್ನ ನಾಲಿಗೆ ಪಥ್ಯ ಮಾಡಬೇಕು.

ಬಾಗಿಲ ಹಿಂದೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ನೀಲಿ ಚೀಲ ಬೇರೆ ಇಟ್ಟಿದ್ದಾಳೆ. ಬರುವಾಗ ಹೋಗುವಾಗ ಕಾಲಿಗೆ ತಾಗುತ್ತದೆ. ಹಳೆ ಬಟ್ಟೆಯಂತೆ, ಯಾರಿಗೋ ಕೊಡಲಿಕ್ಕಂತೆ. ಕೊಟ್ಟು ಮುಗಿಸು ಮಾರಾಯ್ತಿ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ನೋವಿಲ್ಲ. ಅಂಗಡಿಗೆ ಸಫ್ವಾನ್ ಬಂದಿರಲಿಲ್ಲ.


ಅಕ್ಟೋಬರ್ 2, ಗುರುವಾರ

ಬಂದ. ಹನ್ನೊಂದು ಗಂಟೆಗೆ, ಇಪ್ಪತ್ತು ನಿಮಿಷ. ಸಫ್ವಾನ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಈಗ ಹೇಳುತ್ತಾನೆ ಅಂದುಕೊಂಡೆ. "ಮೋಹನಣ್ಣ, ಪ್ರಿಂಟರಿನ ಇಂಕು ಬೇಗ ಖಾಲಿ ಆಗ್ತಾ ಉಂಟಲ್ಲ" ಅಂದ. ಹೊಸದು ತರಿಸಬೇಕಾ ಎಂದು ಕೇಳಿದೆ. "ನೋಡುವ" ಅಂದ.

ಅವನದು ಎಲ್ಲದಕ್ಕೂ ಅದೊಂದೇ ಮಾತು, ನೋಡುವ. ಏನು ನೋಡುವುದು, ಯಾವಾಗ ನೋಡುವುದು, ಯಾರು ನೋಡುವುದು.

ಮೇಲೆ "ಬಂದ" ಎಂದು ಬರೆದಿದ್ದೇನೆ. ಬಂದದ್ದು ನೋವು ಎಂದು ಬರೆಯಬೇಕಿತ್ತು. ಇರಲಿ.


ಅಕ್ಟೋಬರ್ 12, ಭಾನುವಾರ

ರಜೆ. ಆದರೂ ಅಂಗಡಿಗೆ ಬಂದು ಬರೆಯುತ್ತಿದ್ದೇನೆ, ಮನೆಯಲ್ಲಿ ಬರೆಯಲಾಗುವುದಿಲ್ಲ.

ಬೆಳಿಗ್ಗೆ ಅಬುಧಾಬಿಗೆ ಹೋಗಿದ್ದೆ. ಯಾರದೋ ಪೇಪರ್ ಕೊಡಲಿಕ್ಕೆ ಉಂಟು ಎಂದು ವಾರಿಜಳಿಗೆ ಹೇಳಿದ್ದೆ. ನಿಜವಾಗಿ ಹೋದದ್ದು ವಿಲ್ಫ್ರೆಡ್‌ನನ್ನು ನೋಡಲಿಕ್ಕೆ. ಒಂದು ಕಾಲದಲ್ಲಿ ನಾವಿಬ್ಬರೂ ದುಬೈಯ ನೈಫ್ ಏರಿಯಾದಲ್ಲಿ ಒಂದೇ ರೂಮಿನಲ್ಲಿದ್ದವರು, ಈಗ ಅವನು ಅಲ್ಲಿ ಒಂದು ಹೋಟೆಲಿನ ಲಾಂಡ್ರಿಗೆ ಸೂಪರ್‌ವೈಸರ್.

ಬರ್ ದುಬೈಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಸೀಟು, ಪಕ್ಕದಲ್ಲಿ ದಪ್ಪ ಮನುಷ್ಯ. ಜೆಬೆಲ್ ಅಲಿ ದಾಟಿದ್ದೇ ತಡ, ಹಿಂಡಲು ಶುರುವಾಯಿತು. ಈ ಸಲ ಉಸಿರೇ ಒಳಗೆ ಹೋಗುತ್ತಿಲ್ಲ. ಬೆರಳ ತುದಿಗಳೆಲ್ಲ ಇರುವೆ ಹರಿದ ಹಾಗೆ ಜುಮುಜುಮು. ತುಟಿಯೂ ಜುಮುಜುಮು. ನಿಲ್ಲಿಸಿ, ಇಳಿಯುತ್ತೇನೆ ಎಂದು ಕೂಗೋಣವೆನಿಸಿತು. ಆ ಬಸ್ಸಿಗೆ ನಡುವೆ ಸ್ಟಾಪಿಲ್ಲ. ಕಿಟಕಿಯ ಗಾಜು ತೆರೆಯುವುದಿಲ್ಲ. ಇಳಿದರೂ ಹೊರಗೆ ಏನಿದೆ, ಆರು ಸಾಲು ರಸ್ತೆ, ಆಮೇಲೆ ಮರಳು, ಆಮೇಲೆ ಮತ್ತೆ ಮರಳು. ಇಲ್ಲೇ ಸಾಯುತ್ತೇನೆ, ಈ ಮನುಷ್ಯನ ಭುಜಕ್ಕೆ ಒರಗಿ ಸಾಯುತ್ತೇನೆ, ಅಬುಧಾಬಿ ಬರುವವರೆಗೆ ಇವನಿಗೆ ಗೊತ್ತೂ ಆಗುವುದಿಲ್ಲ ಅಂದುಕೊಂಡೆ. ತುಂಬ ಹೆದರಿದೆ. ದೊಡ್ಡವನಾದ ಮೇಲೆ ಇಷ್ಟು ಹೆದರಿದ್ದಿಲ್ಲ.

ಸಾಯಲಿಲ್ಲ. ಅಬುಧಾಬಿಗೆ ತಲುಪುವಾಗ ನೋವು ಇಳಿದಿತ್ತು, ಅಂಗಿ ಒದ್ದೆಯಾಗಿತ್ತು.

ವಿಲ್ಫ್ರೆಡ್ ಚಹಾ ಕುಡಿಸಿದ. ಕೆಲಸದ ವಿಷಯ ಎತ್ತಿದ್ದಕ್ಕೆ ನನ್ನ ತಲೆಕೂದಲು ನೋಡಿದ. "ಪ್ರಾಯ ಎಷ್ಟಾಯ್ತು ಮೋಹನ? ಐವತ್ಮೂರಾ? ಇಲ್ಲಿ ನನ್ನನ್ನೇ ಯಾವಾಗ ಕಳಿಸ್ತಾರೆ ಗೊತ್ತಿಲ್ಲ ಮಾರಾಯ" ಅಂದ. ಅವನ ತಪ್ಪೇನಿಲ್ಲ. ಹಿಂದೆ ಬರುವಾಗ ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತೆ. ಬಾಗಿಲು ಹತ್ತಿರ ಇದ್ದರೆ ಏನು ಉಪಯೋಗ ಎಂದು ಯೋಚಿಸಲಿಲ್ಲ.

ಮೂವತ್ತೊಂದು ದಿನ ಉಳಿದಿದೆ.


ಅಕ್ಟೋಬರ್ 20, ಸೋಮವಾರ

ದೀಪಾವಳಿ. ಕರಾಮದಲ್ಲಿ ಬಾಲ್ಕನಿ ಬಾಲ್ಕನಿಗೂ ದೀಪದ ಸರ. ನಮ್ಮದರಲ್ಲೂ ಅಶ್ಮಿತಾ ಹಾಕಿದ್ದಾಳೆ. ಬೋರ್ಡಿನ ಯಾವುದೋ ಫಾರಂ ತಂದು ಸಹಿ ಕೇಳಿದಳು. ಸಹಿಯನ್ನು ತಪ್ಪು ಗೆರೆಯ ಮೇಲೆ ಹಾಕಿದೆ.

"ಪಪ್ಪಾ, ಆರ್ ಯೂ ಓಕೆ?"

"ಓಕೆ. ನೀನು ಓದು."

"ಯೂ ಆಲ್ವೇಸ್ ಸೇ ದಟ್" ಅಂದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಹಬ್ಬಕ್ಕೂ ಉಪ್ಪಿಲ್ಲದ ಊಟ.


ಅಕ್ಟೋಬರ್ 28, ಮಂಗಳವಾರ

ಇವತ್ತು ಬಹಳ ಬರೆಯಲಿಕ್ಕಿದೆ.

ಬೆಳಿಗ್ಗೆ ಹತ್ತಕ್ಕೆ ಜೋಯ್ಲಿನ್ ಬಂದಳು. ಎದುರು ಬಿಲ್ಡಿಂಗಿನ ಕ್ಲಿನಿಕ್ಕಿನಲ್ಲಿ ನರ್ಸು, ಶಿರ್ವದವಳು. ತಾಯಿಗೆ ವಿಸಿಟ್ ವೀಸಾ ಹಾಕಬೇಕಿತ್ತು. ಟೈಪ್ ಮಾಡುತ್ತಾ ಇದ್ದೆ. ಕ್ಯಾಬಿನ್ನಿನಲ್ಲಿ ಸಫ್ವಾನ್ ಫೋನಿನಲ್ಲಿ ಯಾರಿಗೋ, "ಹೌದು, ಹನ್ನೆರಡರ ನಂತರ ಜಾಗ ಖಾಲಿ ಆಗ್ತದೆ, ಆಗ ಬನ್ನಿ" ಅನ್ನುವುದು ಕೇಳಿಸಿತು. ನನ್ನ ವೀಸಾ ಮುಗಿಯುವ ದಿನ. ಎದೆ ಹಿಂಡಿತು. ಬೆರಳು ಜುಮ್ಮೆಂದಿತು. ಕೀ ಯಾವುದು ಒತ್ತುತ್ತಿದ್ದೇನೆ ಗೊತ್ತಾಗಲಿಲ್ಲ.

"ಅಂಕಲ್, ಮಮ್ಮಿ ಹುಟ್ಟಿದ್ದು ಐವತ್ತೆಂಟರಲ್ಲಿ. ನೀವು ಎಂಬತ್ತೈದು ಹಾಕಿದ್ದೀರಿ" ಅಂದಳು ಜೋಯ್ಲಿನ್. ಇಪ್ಪತ್ತೊಂದು ವರ್ಷದಲ್ಲಿ ಹುಟ್ಟಿದ ದಿನ ತಪ್ಪು ಹಾಕಿದವನಲ್ಲ ನಾನು. ಅವಳು ಸ್ಕ್ರೀನ್ ಬಿಟ್ಟು ನನ್ನನ್ನು ನೋಡಿದಳು. ಕೌಂಟರಿನ ಮೇಲಿಂದ ಕೈ ಚಾಚಿ ಮಣಿಕಟ್ಟು ಹಿಡಿದಳು.

"ಏಳಿ. ಕ್ಲಿನಿಕ್ಕಿಗೆ ಹೋಗುವ."

"ಎಂತದೂ ಇಲ್ಲ ಸಿಸ್ಟರ್, ಗ್ಯಾಸು."

"ಗ್ಯಾಸಾ ಅಲ್ವಾ ಅಂತ ನಾವು ಹೇಳ್ತೇವೆ. ಏಳಿ."

ಆಗ ನನ್ನ ಬಾಯಿಂದ ಇನ್ಶೂರೆನ್ಸಿನ ವಿಷಯ, ಐಡಿ ನಂಬರಿನ ವಿಷಯ, ಮೆಡಿಕಲ್‌ನಲ್ಲಿ ಅನ್‌ಫಿಟ್ ಮಾಡುವ ವಿಷಯ ಎಲ್ಲ ಬಂದುಬಿಟ್ಟಿತು. ಅವಳು ಬಾಯಿ ತೆರೆದು ನೋಡಿದಳು. "ಅಂಕಲ್, ನಾನು ಮೂರು ವರ್ಷ ಆ ಮೆಡಿಕಲ್ ಸೆಂಟರಿನಲ್ಲೇ ಕೆಲ್ಸ ಮಾಡಿದವಳು. ನೀವು ಯಾವ ಕ್ಲಿನಿಕ್ಕಿಗೆ ಹೋಗಿದ್ದೀರಿ ಅಂತ ಅಲ್ಲಿ ಯಾರೂ ನೋಡೂದಿಲ್ಲ. ಊರಿಗೆಲ್ಲ ಧೈರ್ಯ ಹೇಳುವ ನೀವೇ ಹೀಗೆ ಮಾಡೂದಾ?"

ರಸ್ತೆ ದಾಟಿ ಹೋದೆವು. ಇಸಿಜಿ ತೆಗೆದರು. ರಕ್ತ ತೆಗೆದರು, ಮೂರು ಗಂಟೆ ಮಲಗಿಸಿ ಮತ್ತೆ ತೆಗೆದರು. ಅಂಗಡಿಯಲ್ಲಿ ರಶ್ಶು, ಊಟಕ್ಕೆ ಬರುವುದಿಲ್ಲ ಎಂದು ವಾರಿಜಳಿಗೆ ಫೋನು ಮಾಡಿದೆ. "ಹೌದಾ" ಅಂದಳು, ಮತ್ತೇನೂ ಕೇಳಲಿಲ್ಲ.

ಡಾಕ್ಟರ್ ಶಹಲಾ, ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತದೆ. ಯಾವಾಗಿನಿಂದ, ಎಷ್ಟು ಹೊತ್ತು, ಎಲ್ಲಿ ಎಂದು ಕೇಳಿದರು. ನಾನು ಬ್ಯಾಗಿನಿಂದ ಈ ಡೈರಿ ತೆಗೆದು ಓದಿದೆ. ಎಲ್ಲವನ್ನೂ ಅಲ್ಲ, ತಾರೀಕು, ಹೊತ್ತು, ಅವತ್ತು ಏನು ನಡೆದಿತ್ತು ಎಂಬುದು ಮಾತ್ರ.

"ಅಕ್ಕಿ ಹೊತ್ತು ನಾಲ್ಕು ಮಾಳಿಗೆ ಹತ್ತಿದ ದಿನ ಬಂತಾ?"

"ಇಲ್ಲ."

"ಬಸ್ಸಿನಲ್ಲಿ ಸುಮ್ಮನೆ ಕೂತಿದ್ದಾಗ?"

"ಬಂತು."

"ಓನರ್ ಬರದಿದ್ದ ದಿನ?"

ಪುಟ ಮಗುಚಿ ನೋಡಿದೆ. "ಬರಲಿಲ್ಲ." ಇದನ್ನೆಲ್ಲ ಬರೆದವನು ನಾನೇ, ನನಗೇ ಕಂಡಿರಲಿಲ್ಲ.

ಹೃದಯ ಸರಿ ಇದೆಯಂತೆ. ಇಸಿಜಿ, ಎರಡು ಸಲದ ರಕ್ತ, ಎರಡರಲ್ಲೂ ಏನಿಲ್ಲ. ಪ್ರಾಯ ಆಯಿತಲ್ಲ, ಯಾವುದಕ್ಕೂ ಇರಲಿ ಎಂದು ಟ್ರೆಡ್‌ಮಿಲ್ ಟೆಸ್ಟಿಗೆ ಬರೆದುಕೊಟ್ಟರು, ನವೆಂಬರ್ ಹದಿಮೂರಕ್ಕೆ.

"ಹಾಗಾದರೆ ಈ ನೋವು ಸುಳ್ಳಾ ಡಾಕ್ಟ್ರೇ?"

"ಸುಳ್ಳು ಅಂತ ಯಾರು ಹೇಳಿದ್ದು? ನೋವು ನಿಜ. ಹೆದರಿಕೆ ಆದಾಗ ದೇಹ ಓಡ್ಲಿಕ್ಕೆ ರೆಡಿ ಆಗ್ತದೆ. ಹೃದಯ ಜೋರು ಬಡೀತದೆ, ಎದೆಯ ಸ್ನಾಯು ಬಿಗೀತದೆ, ಉಸಿರು ಮೇಲೆ ಮೇಲೆ ಆಗ್ತದೆ. ಉಸಿರು ಹಾಗಾದ್ರೆ ಬೆರಳು, ತುಟಿ ಜುಮುಜುಮು ಅಂತದೆ. ಆದ್ರೆ ನೀವು ಓಡ್ಲಿಲ್ಲ, ಕುರ್ಚಿಯಲ್ಲೇ ಕೂತಿದ್ದೀರಿ. ಎರಡು ತಿಂಗಳು ಹಾಗೆ ಕೂತ್ರೆ ನೋಯದೆ ಇರ್ತದಾ?"

"ಓಡುವುದಾದರೂ ಎಲ್ಲಿಗೆ?"

ಅವರು ನಗಲಿಲ್ಲ. "ಈ ಹೆದರಿಕೆಯನ್ನು ಯಾರಿಗಾದ್ರೂ ಹೇಳಿದ್ದೀರಾ? ಮನೆಯಲ್ಲಿ?"

"ಅವಳು ಹೆದರುತ್ತಾಳೆ."

ಉಸಿರು ಬಿಡುವುದನ್ನು ಕಲಿಸಿದರು. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಇನ್ನೊಂದು ಮಾತು ಹೇಳಿದರು. ಇನ್ನು ಮುಂದೆ ಎದೆ ನೋವು ಬಂದಾಗೆಲ್ಲ ಇದು ಟೆನ್ಶನ್ ಎಂದು ನಾನೇ ತೀರ್ಮಾನ ಮಾಡಬಾರದಂತೆ. ನಡೆದಾಗ ಬಂದರೆ, ತಣ್ಣಗೆ ಬೆವರಿದರೆ, ಬಿಡದೆ ಹಿಡಿದುಕೊಂಡರೆ, ಕೂಡಲೇ ಆಂಬುಲೆನ್ಸ್. "ಅವತ್ತು ಬಸ್ಸಿನಿಂದ ಇಳಿದು ಸೀದಾ ಆಸ್ಪತ್ರೆಗೆ ಹೋಗ್ಬೇಕಿತ್ತು ನೀವು" ಎಂದು ಬೈದರು.


ಅಕ್ಟೋಬರ್ 29, ಬುಧವಾರ

ಖುಷಿಯಾಗಬೇಕಿತ್ತು. ಆಗಲಿಲ್ಲ. ಒಂದು ರೀತಿಯ ನಾಚಿಕೆ. ಹೃದಯದ ಕಾಯಿಲೆ ಎಂದರೆ ಅದಕ್ಕೊಂದು ಮರ್ಯಾದೆ ಇದೆ, ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಹೆದರಿ ಎದೆ ನೋಯಿಸಿಕೊಂಡ ಐವತ್ಮೂರು ವರ್ಷದ ಗಂಡಸನ್ನು ನೋಡಲು ಯಾರು ಬರುತ್ತಾರೆ?

ಮತ್ತೆ, ಹೃದಯ ಸರಿಯಿದ್ದರೆ ಏನಾಯಿತು, ಹನ್ನೆರಡನೇ ತಾರೀಕು ಹಾಗೇ ಇದೆಯಲ್ಲ. ನಾಲ್ಕು ಎಣಿಸಿ ಒಳಗೆ ತೆಗೆದುಕೊಂಡೆ, ಆರು ಎಣಿಸಿ ಹೊರಗೆ ಬಿಟ್ಟೆ. ಆರು ಎಣಿಸುವುದರೊಳಗೆ ಮತ್ತೆ ಹನ್ನೆರಡು ನೆನಪಾಯಿತು.


ನವೆಂಬರ್ 3, ಸೋಮವಾರ

ಕೇಳಿದೆ.

ಹೇಗೆ ಕೇಳಿದೆನೋ ಗೊತ್ತಿಲ್ಲ. ಬೆಳಿಗ್ಗೆ ಸಫ್ವಾನ್ ಕ್ಯಾಬಿನ್ನಿಗೆ ಹೋಗುವುದನ್ನೇ ಕಾಯುತ್ತಿದ್ದೆ, ಎದ್ದು ಹಿಂದೆಯೇ ಹೋದೆ. ನೋವು ಆಗಲೇ ಇತ್ತು. ಇರಲಿ, ಹೇಗೂ ಕೂತರೂ ಬರುತ್ತದೆ, ನಿಂತರೂ ಬರುತ್ತದೆ ಅಂದುಕೊಂಡೆ.

"ಸಫ್ವಾನ್, ನನ್ನ ವೀಸಾ ಹನ್ನೆರಡಕ್ಕೆ ಮುಗೀತದೆ."

ಅವನು ತಲೆ ಎತ್ತಿದ. "ಮುಗೀತದಾ? ಅಂದ್ರೆ ನೀವು ಹಾಕ್ಲೇ ಇಲ್ವಾ?"

"ನೀವು ಹೇಳ್ಲಿಲ್ಲ."

"ನಾನೆಂತ ಹೇಳ್ಲಿಕ್ಕೆ ಉಂಟು ಮೋಹನಣ್ಣ? ಎಲ್ಲರದ್ದೂ ಹಾಕೂದು ನೀವು. ನಿಮ್ಮದನ್ನೂ ಹಾಕಿ ಸೈನಿಗೆ ತರ್ತೀರಿ ಅಂತ ನಾನು ಕಾಯ್ತಾ ಇದ್ದೆ. ತರ್ಲೇ ಇಲ್ಲ. ಅಬುಧಾಬಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ನೋಡಿದೆ ಅಂತ ಯಾರೋ ಹೇಳಿದ್ರು. ಮೋಹನಣ್ಣ ಬೇರೆ ಕಡೆ ಕೆಲ್ಸ ನೋಡಿದ್ದಾರೆ, ಹೇಳ್ಲಿಕ್ಕೆ ಸಂಕೋಚ ಪಡ್ತಿದ್ದಾರೆ ಅಂತ ಮಾಡಿದೆ."

"ಟೇಪು ಹಿಡಿದು ಅಳೆದದ್ದು?"

"ಪಾಸ್‌ಪೋರ್ಟ್ ಫೋಟೋ ತೆಗೀಲಿಕ್ಕೆ ಒಂದು ಸಣ್ಣ ರೂಮು ಮಾಡುವ ಅಂತ."

"ಹನ್ನೆರಡರ ನಂತರ ಜಾಗ ಖಾಲಿ ಅಂತ ಫೋನಿನಲ್ಲಿ?"

"ಅದು ಹಿಂದಿನ ಸ್ಟೋರ್ ರೂಮಿಂದು. ನಮ್ಮ ಲೀಸು ಹನ್ನೆರಡಕ್ಕೆ ಮುಗೀತದೆ, ಪಕ್ಕದ ಟೈಲರಿಗೆ ಬೇಕಂತೆ." ಅವನು ನನ್ನನ್ನೇ ನೋಡುತ್ತಿದ್ದ. "ನೀವು ಹೋದ್ರೆ ಅರಬಿ ಯಾರು ಟೈಪ್ ಮಾಡೂದು ಅಂತ ನನಗೆ ಒಂದು ತಿಂಗಳಿಂದ ನಿದ್ದೆ ಇಲ್ಲ."

ಹಾಜಿಯವರ ಕ್ರಮ ಹೇಳಿದೆ. ಚಹಾದ ಗ್ಲಾಸು, ಆ ಒಂದು ಮಾತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಕೂಡಲೇ ಮಂಗಳೂರಿಗೆ ಫೋನು ಹಚ್ಚಿ, ಬ್ಯಾರಿ ಭಾಷೆಯಲ್ಲಿ ಏನೋ ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟ. ಹಾಜಿಯವರ ಸ್ವರ ಸಣ್ಣದಾಗಿದೆ. "ಇನ್ನೂ ಹಾಕ್ಲಿಲ್ವಾ ಮಾರಾಯ? ಎಂತ ಕಾಯ್ತಾ ಇದ್ದಿ? ಹಾಕು ಮೋಹನಾ, ನಿನ್ನದು ಹಾಕು" ಅಂದರು.

ಅತ್ತುಬಿಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತದ್ದು ಹೌದು. 

ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ನನ್ನ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಮೂರು ಸಲ ಓದಿ ನೋಡಿದೆ, ತಪ್ಪಿಲ್ಲ.


ನವೆಂಬರ್ 6, ಗುರುವಾರ

ಮೆಡಿಕಲ್ ಮುಗಿಯಿತು. ಎಕ್ಸ್‌ರೇಯವಳು ಉಸಿರು ಹಿಡಿಯಿರಿ ಅಂದಳು, ಹಿಡಿದೆ. ಬಿಡಿ ಅಂದಳು. ಬಿಡುವುದು ಮರೆತೇಹೋಗಿತ್ತು, ಎರಡನೇ ಸಲ ಹೇಳಬೇಕಾಯಿತು. ಎರಡೇ ನಿಮಿಷ. ಜನರಿಗೆ ನಾನು ಹೇಳುತ್ತಿದ್ದದ್ದು ಸರಿಯೇ ಇದೆ.

ವಾರಿಜಳಿಗೆ ಮೆಡಿಕಲ್‌ಗೆ ಹೋದೆ ಎಂದು ಮಾತ್ರ ಹೇಳಿದ್ದೇನೆ. ಕ್ಲಿನಿಕ್ಕಿನ ವಿಷಯ ಹೇಳಿಲ್ಲ. ಮುಗಿದ ಕತೆ, ಯಾಕೆ ಸುಮ್ಮನೆ.


ನವೆಂಬರ್ 11, ಮಂಗಳವಾರ

ನಿನ್ನೆ ಸಂಜೆ ಮೆಸೇಜು ಬಂತು. ಫಿಟ್. ವೀಸಾ ಆಯಿತು, ಎರಡು ವರ್ಷ. ಮನೆಗೆ ಹೋಗಿ ಹೇಳಿದೆ. ವಾರಿಜ ದೇವರ ಫೋಟೋದ ಎದುರು ಕೈ ಮುಗಿದು ಅಡುಗೆಮನೆಗೆ ಹೋದಳು. ಅಶ್ಮಿತಾ ಕುತ್ತಿಗೆಗೆ ಜೋತುಬಿದ್ದಳು, "ಪಪ್ಪಾ, ವೀ ಆರ್ ಸೇಫ್" ಅಂದಳು. ಹಾಗಾದರೆ ಅವಳಿಗೂ ಗೊತ್ತಿತ್ತು, ಸೇಫ್ ಅಲ್ಲ ಎಂದು.

ಸೋಫಾದಲ್ಲಿ ಕೂತು ಫೋನು ನೋಡಿದೆ. 2027, ನವೆಂಬರ್. ಆಗ ನನಗೆ ಐವತ್ತೈದು. ಅಷ್ಟರಲ್ಲಿ ಟೈಪಿಂಗ್ ಸೆಂಟರ್ ಇರುತ್ತದೋ ಇಲ್ಲವೋ. ಈ ಫೋನು ಹಿಡಿದುಕೊಂಡು ಮತ್ತೆ ಇದೇ ಸೋಫಾದಲ್ಲಿ ದಿನ ಎಣಿಸುವುದು ತಪ್ಪುವುದಿಲ್ಲ. ಬಾಗಿಲೇನೂ ತೆರೆಯಲಿಲ್ಲ, ಎರಡು ವರ್ಷ ದೂರಕ್ಕೆ ಸರಿಯಿತು, ಅಷ್ಟೇ. ಇದನ್ನು ಯೋಚಿಸುತ್ತಿದ್ದ ಹಾಗೇ ಜೇಬಿನ ಕೆಳಗೆ ಹಿಂಡಲು ಶುರುವಾಯಿತು. ವೀಸಾ ಕೈಯಲ್ಲಿದೆ, ಹೃದಯ ಸರಿಯಿದೆ, ಆದರೂ ಬಂತು. ಇನ್ನು ಯಾವ ತಾರೀಕು ದಾಟಿದರೂ ಇದು ಬರುತ್ತದೆ ಅನ್ನಿಸಿ, ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ವಾರಿಜಾ, ಎದೆ ನೋಯ್ತಾ ಉಂಟು."

ಅವಳು ಕಿರುಚಲಿಲ್ಲ. ಗ್ಯಾಸ್ ಆರಿಸಿದಳು, ಕೈ ಒರೆಸಿಕೊಂಡಳು, ಬಾಗಿಲ ಹಿಂದಿನ ನೀಲಿ ಚೀಲ ತಂದು ನನ್ನ ಪಕ್ಕದಲ್ಲಿಟ್ಟಳು. "ಹೋಗುವನಾ?"

"ಎಲ್ಲಿಗೆ?"

"ಆಸ್ಪತ್ರೆಗೆ."

ಚೀಲದ ಬಾಯಿ ತೆರೆದು ನೋಡಿದೆ. ನನ್ನ ಎರಡು ಲುಂಗಿ, ಬನಿಯನ್ನು, ಟವೆಲು. ಹೊಸ ಬ್ರಶ್ಶು, ಪೇಸ್ಟು. ಇನ್ಶೂರೆನ್ಸ್ ಕಾರ್ಡಿನ ಕಾಪಿ, ಮೂವರ ಪಾಸ್‌ಪೋರ್ಟಿನ ಕಾಪಿ. ಒಂದು ಪ್ಯಾಕೆಟ್ ರಸ್ಕು. ಅಡಿಯಲ್ಲಿ ಅವಳದೊಂದು ನೈಟಿ.

"ಯಾವಾಗ ತುಂಬಿಸಿದ್ದು?"

"ಸೆಪ್ಟೆಂಬರಲ್ಲಿ. ಮುಖ ತೊಳೀತಾ ಎದೆ ಹಿಡ್ಕೊಂಡು ನಿಂತಿದ್ರಲ್ಲ ಒಂದು ದಿನ, ನಾನು ನೋಡಿದೆ."

"ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ಇಲ್ಲ ಅಂತಿದ್ರಿ. ಒಂದು ಸಲ ಇಲ್ಲ ಅಂದ ಮೇಲೆ ಮತ್ತೆ ಹೌದು ಅಂತ ಹೇಳ್ಲಿಕ್ಕೆ ನಿಮಗೆ ಆಗೂದಿಲ್ಲ. ನನಗೆ ಗೊತ್ತಿಲ್ವಾ?" ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು. "ಉಪ್ಪು ಕಮ್ಮಿ ಮಾಡಿದೆ, ಎಣ್ಣೆ ಬಿಟ್ಟೆ. ಬೇರೆಂತ ಮಾಡ್ಲಿಕ್ಕೆ ಆಗ್ತಿತ್ತು ನನಗೆ?"

ಆಸ್ಪತ್ರೆ ಬೇಡ ಎಂದು, ಎಲ್ಲವನ್ನೂ ಹೇಳಿದೆ. ಕ್ಲಿನಿಕ್ಕು, ಡಾಕ್ಟರ್ ಶಹಲಾ, ಬಸ್ಸು, ಅಬುಧಾಬಿ. ಸಿಟ್ಟು ಮಾಡಿದಳು, ಜೋಯ್ಲಿನ್‌ಗೆ ಹೇಳಲು ಬಾಯಿ ಬಂತು, ನನಗೆ ಹೇಳಲು ಬರಲಿಲ್ಲ ಎಂದು. ಆಮೇಲೆ ಕೈ ಹಿಡಿದುಕೊಂಡು ಅವಳೇ ಎಣಿಸಿದಳು, ನಾಲ್ಕು ಒಳಗೆ, ಆರು ಹೊರಗೆ. ಅವಳ ಆರು ನನ್ನ ಆರಕ್ಕಿಂತ ನಿಧಾನ. ಹನ್ನೆರಡು ನಿಮಿಷಕ್ಕೆ ನೋವು ಬಿಟ್ಟಿತು. ಬಿಡದಿದ್ದರೆ ಹೋಗಿಯೇ ಹೋಗುತ್ತಿದ್ದೆವು, ಚಪ್ಪಲಿಯನ್ನು ಅವಳು ಆಗಲೇ ಹಾಕಿಕೊಂಡಾಗಿತ್ತು.

ಇದನ್ನು ಮನೆಯಲ್ಲೇ ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಬಂಗುಡೆ ಹುರಿಯುತ್ತಿದ್ದಾಳೆ. ನಾಡಿದ್ದು ಟ್ರೆಡ್‌ಮಿಲ್ ಟೆಸ್ಟಿಗೆ ಅವಳೂ ಬರುತ್ತಾಳಂತೆ. ಚೀಲ ಮತ್ತೆ ಬಾಗಿಲ ಹಿಂದೆ ಹೋಗಿ ಕೂತಿದೆ. ಇನ್ನು ಯಾಕೆ ಎಂದು ಕೇಳಿದ್ದಕ್ಕೆ, "ಇರ್ಲಿ, ಅದೆಂತ ಊಟ ಕೇಳ್ತದಾ?" ಅಂದಳು.

ಚೀಲದಲ್ಲಿ ಬ್ರಶ್ಶು ಒಂದೇ ಇದೆ, ನನ್ನದು. ತನ್ನದನ್ನು ಇಡಲು ಮರೆತಿದ್ದಾಳೆ. ನಾಲ್ಕು ಗಂಟೆಗೆ ಅಂಗಡಿಗೆ ಹೋಗುವಾಗ ಕೆಳಗಿನ ಗ್ರೋಸರಿಯಲ್ಲಿ ಅವಳಿಗೂ ಒಂದು ತೆಗೆದುಕೊಂಡು ಹಾಕಿಡಬೇಕು.